ದಮ್ಮು ಬಂತಾ, ಯಶೋದಾ?

ಊಟದ ತಟ್ಟೆ ಯಾವುದು, ಪಿಸ್ಟನ್ ತೊಳೆಯುವ ತಟ್ಟೆ ಯಾವುದು ಅನ್ನುವ ಜಗಳ ನಮ್ಮ ಮನೆಯಲ್ಲಿ ವಾರಕ್ಕೊಂದು ಸಲವಾದರೂ ಆಗುತ್ತಿತ್ತು. ಟೇಕಲ್ ಸ್ಟೇಷನ್ನಿನಿಂದ ಊರೊಳಕ್ಕೆ ಬರುವ ರಸ್ತೆಯಲ್ಲಿ ನಮ್ಮದು ಕಲ್ಲುಚಪ್ಪಡಿ ಹೊದಿಸಿದ ಮನೆ. ಮುಂದಿನ ಜಗುಲಿಗೆ ತಗಡು ಇಳಿಸಿಕೊಂಡು ಅಪ್ಪ ಬೈಕ್ ರಿಪೇರಿ ಮಾಡುತ್ತಿದ್ದ. ಜಗುಲಿಗೂ ನಡುಮನೆಗೂ ಮಧ್ಯೆ ಒಂದು ಹೊಸಿಲು. ಆ ಹೊಸಿಲನ್ನು ಒಂದು ನಟ್ಟೂ ದಾಟಕೂಡದು ಅಂತ ಅಮ್ಮನ ಕಟ್ಟಳೆ. ಅದನ್ನು ಪಾಲಿಸಿದವರು ಯಾರೂ ಇಲ್ಲ. ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಪಕ್ಕ ಸ್ಪ್ರಿಂಗು ಸಿಕ್ಕುತ್ತಿತ್ತು. ಒಂದು ಸಲ ಹುರಳಿ ಸಾರಿನಲ್ಲಿ ಬೇರಿಂಗಿನ ಗುಂಡು ಸಿಕ್ಕಿ, ಅವ್ವನಿಗೆ, ಅಂದರೆ ಅಪ್ಪನ ತಾಯಿಗೆ, ಉಳಿದಿದ್ದ ನಾಲ್ಕು ಹಲ್ಲಿನಲ್ಲಿ ಒಂದು ಹೋಯಿತು. ಮುದ್ದೆ ಬೇಯುವ ವಾಸನೆ, ಸೀಮೆಎಣ್ಣೆ ವಾಸನೆ, ಗ್ರೀಸಿನ ವಾಸನೆ ಮೂರೂ ಬೆರೆತ ಗಾಳಿಯಲ್ಲಿ ನಾನು ಬೆಳೆದೆ. ಈಗ ಕೋಲಾರದಲ್ಲಿ ನಾನು ಪಾಠ ಹೇಳುವ ಶಾಲೆಯ ಪಕ್ಕ ಒಂದು ಗ್ಯಾರೇಜಿದೆ. ಅಲ್ಲಿಂದ ಗ್ರೀಸಿನ ವಾಸನೆ ಬಂದರೆ ನನಗೆ ಇವತ್ತಿಗೂ ಹಸಿವಾಗುತ್ತದೆ.

ಶಿವಾರಪಟ್ಟಣದ ಶಿಲ್ಪಿಗಳು ಅಪ್ಪನ ಖಾಯಂ ಗಿರಾಕಿಗಳು. ಅವರು ಕೆತ್ತುವ ಕಲ್ಲಿನ ಧೂಳು ಗಾಡಿಯ ಹೊಟ್ಟೆಗೆ ಹೋಗಿ ಒಳಗೆಲ್ಲ ಸವೆದುಬಿಡುತ್ತಿತ್ತು. ಅಪ್ಪ ಇಂಜಿನ್ನಿನ ತಲೆ ಬಿಚ್ಚಿ, ಬ್ಲಾಕನ್ನು ಕೋಲಾರದ ಲೇತ್‌ಗೆ ಒಯ್ದು ಒಳಗೋಡೆ ಕೊರೆಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿ ಮತ್ತೆ ಕೂಡಿಸುತ್ತಿದ್ದ. ಕೂಡಿಸಿದ ಮೇಲೆ ಒಳಗೆ ಗಾಳಿ ಸರಿಯಾಗಿ ಒತ್ತುತ್ತಿದೆಯಾ ಅಂತ ನೋಡಬೇಕು. ಪೇಟೆಯ ಮೆಕ್ಯಾನಿಕ್ಕುಗಳು ಅದನ್ನು ಕಂಪ್ರೆಷನ್ ಅನ್ನುತ್ತಿದ್ದರು, ಅದಕ್ಕೊಂದು ಮೀಟರ್ ಇಟ್ಟುಕೊಂಡಿರುತ್ತಿದ್ದರು. ನಮ್ಮ ಮನೆಯಲ್ಲಿ ಅದರ ಹೆಸರು ದಮ್ಮು. ಮೀಟರಿನ ಬದಲು ನಮಗಿದ್ದದ್ದು ಯಶೋದತ್ತೆಯ ಹೆಬ್ಬೆಟ್ಟು. ಯಶೋದತ್ತೆ ಅಪ್ಪನ ತಂಗಿ, ಅಪ್ಪನಿಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು. ಪ್ಲಗ್ ಬಿಚ್ಚಿ, ಆ ತೂತಿನ ಮೇಲೆ ಅವಳು ಹೆಬ್ಬೆಟ್ಟು ಒತ್ತಿ ಹಿಡಿಯುತ್ತಿದ್ದಳು. ಅಪ್ಪ ಆಕ್ಸಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಕಿಕ್ಕರ್ ಒದೆಯುತ್ತಿದ್ದ. ಒಳಗಿನ ಗಾಳಿ ಹೆಬ್ಬೆಟ್ಟನ್ನು ಎತ್ತಿ ಒಗೆದರೆ ಕೆಲಸ ಸರಿ. ಬರೀ ತಳ್ಳಿದ ಹಾಗಾದರೆ ಮತ್ತೆ ಬಿಚ್ಚಬೇಕು. ಅಪ್ಪನ ಬೆರಳುಗಳು ಕಬ್ಬಿಣ ಹಿಡಿದು ಹಿಡಿದು ಜಡ್ಡುಗಟ್ಟಿದ್ದವು.

"ನಂದು ಸತ್ತೋಗಿರೋ ಹೆಬ್ಬೆಟ್ಟು. ಯಶೋದಾ ಹೇಳ್ಬೇಕು," ಅನ್ನುತ್ತಿದ್ದ ಗಿರಾಕಿಗಳಿಗೆ.

ಆಮೇಲೆ ತಿರುಗಿ ಅವಳನ್ನು ಕೇಳುತ್ತಿದ್ದ, "ದಮ್ಮು ಬಂತಾ, ಯಶೋದಾ?"

ನನಗೆ ಹತ್ತು ವರ್ಷವಾಗಿದ್ದಾಗ ಆ ಹೆಬ್ಬೆಟ್ಟಿಗೆ ಮದುವೆಯಾಯಿತು. ನಾನು ಹಾಗೆಯೇ ನೆನಪಿಟ್ಟುಕೊಂಡಿದ್ದೇನೆ, ಏಕೆಂದರೆ ಮದುವೆಗೆ ವಾರವಿರುವಾಗಿನಿಂದ ಅವ್ವ ಹುಣಿಸೆಹಣ್ಣು ಹಚ್ಚಿ ಹಚ್ಚಿ ಆ ಉಗುರಿನ ಕಪ್ಪು ತೆಗೆಯಲು ಒದ್ದಾಡಿದ್ದಳು. ಹೋಗಲಿಲ್ಲ. ಧಾರೆಯ ಹೊತ್ತಿನಲ್ಲಿ ಅರಿಶಿನದ ನಡುವೆಯೂ ಅದು ಕಾಣುತ್ತಿತ್ತು. ಗಂಡು ಶ್ರೀನಿವಾಸಪುರದ ಕಡೆಯ ಮುನಿರಾಜು, ಮಾವಿನ ಸಸಿಗಳಿಗೆ ಕಸಿ ಕಟ್ಟುವವನು. ಹೆಚ್ಚು ಮಾತಿಲ್ಲ. ಆಡಿದ ನಾಲ್ಕು ಮಾತಿನಲ್ಲಿ ಎರಡು ತೆಲುಗು. ಗಡಿ ಕಡೆಯ ತವರಿನಿಂದ ಬಂದ ಅವ್ವನಿಗೆ ಅದೇ ಸಾಕಾಯಿತು. ವೈಶಾಖದಲ್ಲಿ ಹೋದ ಅತ್ತೆ ಎಲ್ಲ ಹೊಸ ಮದುವಣಗಿತ್ತಿಯರ ಹಾಗೆ ಆಷಾಢಕ್ಕೆ ತವರಿಗೆ ಬಂದಳು. ಬಂದವಳೇ ಸೀರೆ ಎತ್ತಿ ಕಟ್ಟಿ ಜಗುಲಿಗಿಳಿದಳು. ನಮ್ಮಿಬ್ಬರ ಚಾಪೆ ಮತ್ತೆ ಕಿಟಕಿ ಕೆಳಗೆ ಬಿತ್ತು. ಅಲ್ಲಿ ಹೇಗಿದೆ ಅಂತ ಕೇಳಿದರೆ ಅವಳು ಹೇಳಿದ್ದು ಇಷ್ಟೇ.

"ಎಲ್ರೂ ಒಳ್ಳೆಯವ್ರೇ ಕಣೇ ಮಂಜು. ಆದ್ರೆ ನನ್ನ ಯಾರೂ ಏನೂ ಕೇಳಲ್ಲ. ಉಪ್ಪು ಸಾಕಾ ಅಂತ್ಲೂ ಕೇಳಲ್ಲ."

ಆಷಾಢ ಮುಗಿಯಿತು. ಶ್ರಾವಣದ ಎರಡನೆಯ ವಾರ ಒಂದು ತರಕಾರಿ ಟೆಂಪೋ ಬಂದು ನಮ್ಮ ಮನೆ ಮುಂದೆ ನಿಂತಿತು. ಖಾಲಿ ಟೊಮೊಟೊ ಪೆಟ್ಟಿಗೆಗಳ ನಡುವೆ ತನ್ನ ಬೈಕನ್ನು ತಬ್ಬಿ ಹಿಡಿದುಕೊಂಡು ಮುನಿರಾಜು ಮಾಮ ಕೂತಿದ್ದ. ಹೆಂಡತಿಯನ್ನು ಕರೆದೊಯ್ಯಲು ಹೊರಟವನಿಗೆ ಹೋಳೂರು ದಾಟುವ ಹೊತ್ತಿಗೆ ಇಂಜಿನ್ ಜಾಮ್ ಆಗಿತ್ತು. ಅವ್ವ ಎದೆ ಎದೆ ಬಡಿದುಕೊಂಡಳು, ಇಂಜಿನ್ನಿಗಲ್ಲ.

"ಅಯ್ಯೋ, ಅಲ್ಲುಡು ಬಂದವ್ನೆ, ಅದೂ ಶ್ರಾವಣದಾಗೆ! ಕೋಳಿ ಕುಯ್ಯಂಗಿಲ್ಲ, ಏಮಿ ಚೇಸೇದಿ ನೇನು?"

ಅಳಿಯ ಬಂದಿದ್ದಾನೆ, ನಾನೇನು ಮಾಡಲಿ ಅನ್ನುವ ಅವಳ ಗೋಳಿಗೆ ಕೋಳಿಯ ಬದಲು ಒಬ್ಬಟ್ಟಾಯಿತು. ಅಪ್ಪ ಆ ಮಧ್ಯಾಹ್ನವೇ ಗಾಡಿಯ ತಲೆ ಬಿಚ್ಚಿ ಬ್ಲಾಕ್ ಎತ್ತಿದ. ಪಿಸ್ಟನ್ನಿನ ಮೈತುಂಬ ಬೆಕ್ಕು ಪರಚಿದ ಹಾಗೆ ಗೀರುಗಳು. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಪೆಟ್ರೋಲಿಗೆ ಆಯಿಲ್ ಬೆರೆಸಿಲ್ವಾ ಮುನಿರಾಜು?"

"ಹೊರಡೋ ಗಡಿಬಿಡೀಲಿ ಮರ್ತೆ ಬಾವ," ಅಂದ ಮಾಮ.

ಮಜ್ಜಿಗೆ ಲೋಟ ಹಿಡಿದು ಹೊಸಿಲಲ್ಲಿ ನಿಂತಿದ್ದ ಅತ್ತೆ ಆ ಮಾತು ಕೇಳಿಸಿಕೊಂಡಳು. ಲೋಟವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಮಾರನೆಯ ದಿನ ಅಪ್ಪ ಕೋಲಾರಕ್ಕೆ ಹೋಗಿ ಬೋರ್ ಮಾಡಿಸಿಕೊಂಡು ಬಂದ. ಮೂರನೆಯ ದಿನ ಬೆಳಿಗ್ಗೆ ಎಲ್ಲ ಕೂಡಿಸಿಯಾಯಿತು. ಅತ್ತೆ ಬಂದು ಸೆರಗು ಸಿಕ್ಕಿಸಿ, ತೂತಿನ ಮೇಲೆ ಹೆಬ್ಬೆಟ್ಟಿಟ್ಟಳು. ಮಾಮ ಕಂಬಕ್ಕೊರಗಿ ನೋಡುತ್ತಿದ್ದ. ಅಡಿಗೆಮನೆಯಲ್ಲಿ ಅಮ್ಮ ಅವರಿಬ್ಬರ ದಾರಿಗೆಂದು ಬುತ್ತಿ ಕಟ್ಟುತ್ತಿದ್ದಳು. ನಾನು ಜಗುಲಿಯ ಮೂಲೆಯಲ್ಲಿ ಕೂತು ಸ್ಕೂಲಿಗೆ ಹೋಗುವುದಿಲ್ಲ ಅಂತ ಅಳುತ್ತಿದ್ದೆ. ಅಪ್ಪ ನಾಲ್ಕು ಸಲ ಒದ್ದ.

"ದಮ್ಮು ಬಂತಾ, ಯಶೋದಾ?"

"ಬಂದಿಲ್ಲ ಅಣ್ಣ."

ಅಪ್ಪ ಅವಳ ಮುಖ ನೋಡಿದ. ನಟ್ಟು ಬಿಚ್ಚುವ ಪಾನ ತೆಗೆದುಕೊಂಡು ಮತ್ತೆ ತಲೆ ಬಿಚ್ಚಿದ, ಗ್ಯಾಸ್ಕೆಟ್ ಬದಲಾಯಿಸಿದ. ಬುತ್ತಿಯ ಚಿತ್ರಾನ್ನವನ್ನು ನಾವೇ ತಿಂದೆವು. ಅಷ್ಟು ರುಚಿಯಾದ ಚಿತ್ರಾನ್ನ ನಾನು ಇಂದಿನವರೆಗೂ ತಿಂದಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮತ್ತೆ ಒದೆತ, ಮತ್ತೆ "ಬಂದಿಲ್ಲ ಅಣ್ಣ." ಅಪ್ಪ ಒಂದು ಚಮಚ ಆಯಿಲ್ ತೂತಿನೊಳಗೆ ಬಿಟ್ಟ. ರಿಂಗಿನ ಪಕ್ಕದಲ್ಲಿ ಗಾಳಿ ಸೋರುತ್ತಿದ್ದರೆ ಆಯಿಲ್ ಬಿಟ್ಟಾಗ ದಮ್ಮು ಏರಬೇಕು, ಅದು ಲೆಕ್ಕ. ಅತ್ತೆ ಆಗಲೂ ತಲೆಯಲ್ಲಾಡಿಸಿದಳು. ಆ ಮಧ್ಯಾಹ್ನ ಮಾಮ ಊಟ ಮುಗಿಸಿ ಸ್ಟೇಷನ್ ಕಡೆ ಅಡ್ಡಾಡಲು ಹೋಗಿದ್ದಾಗ ಅಮ್ಮ ಮುದ್ದೆಯ ಕೋಲನ್ನು ನೆಲಕ್ಕೆ ಕುಕ್ಕಿದಳು.

"ಹದಿನೆಂಟು ವರ್ಷದಿಂದ ಒದೀತಿದೀರಲ್ಲ, ದಮ್ಮು ಇದೆಯೋ ಇಲ್ವೋ ನಿಮ್ಮ ಕಾಲಿಗೆ ಗೊತ್ತಾಗಲ್ವಾ?"

"ನನ್ನ ಕಾಲಿಗೆ ಗೊತ್ತು," ಅಂದ ಅಪ್ಪ. "ಅವಳ ಹೆಬ್ಬೆಟ್ಟಿಗೆ ಗೊತ್ತಾಗ್ಬೇಕು."

"ಹಾಗಾದ್ರೆ ಅವಳು ಆಡಿದ್ದಕ್ಕೆಲ್ಲ ಕುಣೀತೀರಾ? ಬೀಗರು ಏನಂದ್ಕೋತಾರೆ? ನನ್ನ ಇಲ್ಲಿಗೆ ಕಳಿಸೋವಾಗ ಯಾರು ಕೇಳಿದ್ರು? ಗಾಡಿ ಕಟ್ಟಿದ್ರು, ಹತ್ತು ಅಂದ್ರು, ಹತ್ತಿದೆ."

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟ. ಅಮ್ಮ ಹಾಗೆ ಎಂದೂ ಮಾತಾಡಿದವಳಲ್ಲ. ಅವಳ ಕಣ್ಣಲ್ಲಿ ನೀರು ಬಂದದ್ದು ಅತ್ತೆಯ ಮೇಲಿನ ಸಿಟ್ಟಿಗೋ, ತನ್ನ ಹಳೆಯ ದಿನಕ್ಕೋ ಆಗ ನನಗೆ ತಿಳಿಯಲಿಲ್ಲ. ಅಪ್ಪ ಮೆಲ್ಲಗೆ ಅಂದ, "ಆಗ ನಂಗೂ ಬುದ್ಧಿ ಇರ್ಲಿಲ್ಲ, ಕೇಳ್ಬೇಕು ಅಂತ." ಅಮ್ಮ ಎದ್ದು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಆ ಮಾತು ಅವರಿಬ್ಬರ ನಡುವೆ ಅಷ್ಟಕ್ಕೇ ನಿಂತಿತು.

ಮಾಮನಿಗೂ ಸಮಾಧಾನವಿರಲಿಲ್ಲ. ಮಳೆಗಾಲ ಅವನ ಕೆಲಸದ ಕಾಲ, ಊರಿನಲ್ಲಿ ನೂರಾರು ಸಸಿ ಕಾಯುತ್ತಿದ್ದವು. ಮಾಲೂರಿನಲ್ಲಿ ಯಾರಿಗೋ ಕೊಡಲೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಕಸಿ ಕಡ್ಡಿಗಳು ಬಾಡುವಂತಾಗಿದ್ದವು. ಆ ಸಂಜೆ ಅವನು ಹಿತ್ತಲಿಗೆ ಹೋಗಿ, ಬಚ್ಚಲು ನೀರಿನ ಕಾಲುವೆಯಲ್ಲಿ ತಾವಾಗಿ ಹುಟ್ಟಿದ್ದ ಎರಡು ಮಾವಿನ ಸಸಿಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಚಾಕು ಊರಲ್ಲೇ ಬಿಟ್ಟು ಬಂದಿದ್ದ, ಹಾಗಾಗಿ ಅವ್ವ ಅಡಿಕೆ ಹೆರೆಯುವ ಚಾಕುವನ್ನೇ ಕೇಳದೆ ತೆಗೆದುಕೊಂಡಿದ್ದ. ಅವ್ವ ತೆಲುಗಿನಲ್ಲಿ ಬಯ್ಯುತ್ತಾ ಹಿತ್ತಲಿಗೆ ಬಂದಳು. ಅಳಿಯ ಅನ್ನುವುದು ನಡುವೆ ನೆನಪಾಗಿ ಬೈಗುಳವನ್ನು ಹಾರೈಕೆಯಾಗಿ ತಿರುಗಿಸಿದಳು. ಒಲೆ ಮುಂದೆ ಇದ್ದ ಅತ್ತೆ ಅದನ್ನು ಕೇಳಿ ನಕ್ಕುಬಿಟ್ಟಳು. ಮಾಮ ತಿರುಗಿ ನೋಡಿದ.

"ಒಂದು ಕೈ ಬೇಕಿತ್ತು. ಹಿಡ್ಕೋತೀಯಾ?"

ಅತ್ತೆ ಹೋಗಿ ಹಿಡಿದುಕೊಂಡಳು. ಅವನು ಸೀಳಿದ ಸಸಿಗೆ ಕಡ್ಡಿ ಕೂರಿಸಿ ಹಳೇ ಪ್ಲಾಸ್ಟಿಕ್ಕಿನ ಪಟ್ಟಿ ಸುತ್ತುತ್ತಿದ್ದ. ಸುತ್ತುತ್ತಾ ಸುತ್ತುತ್ತಾ ಅವಳ ಉಗುರಿನ ಕಪ್ಪು ನೋಡಿದ, ಆಮೇಲೆ ತನ್ನ ಎಡಗೈ ಮುಂದೆ ಮಾಡಿ ತೋರಿಸಿದ. ಮಾವಿನ ಸೊನೆ ಬಿದ್ದು ಸುಟ್ಟ ಕಪ್ಪು ಕಲೆಗಳು ಅವನ ಬೆರಳ ತುಂಬ ಇದ್ದವು. "ನಂದೂ ಹೋಗಲ್ಲ," ಅಂದ. ಅವರು ಕತ್ತಲಾಗುವವರೆಗೂ ಅಲ್ಲೇ ಕೂತಿದ್ದರು. ನಾನು ಎರಡು ಸಲ ಕರೆದೆ. ಅತ್ತೆ ಬಂದೆ ಬಂದೆ ಅಂದಳೇ ಹೊರತು ಬರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಅಪ್ಪ ಮಂಡಿ ನೋವು ಅಂತ ಹೇಳಿ ಪಕ್ಕಕ್ಕೆ ಸರಿದ.

"ಇವತ್ತು ನೀವೇ ಒದೀರಿ ಮುನಿರಾಜು."

ಮಾಮ ಒದ್ದ. ಅತ್ತೆಯ ಹೆಬ್ಬೆಟ್ಟು ತೂತಿನಿಂದ ಎಗರಿತು. ಪುಕ್ ಅನ್ನುವ ಆ ಸದ್ದು ಹೊಸಿಲಲ್ಲಿ ನಿಂತಿದ್ದ ಅಮ್ಮನಿಗೂ, ಕಿವಿ ಮಂದವಾದ ಅವ್ವನಿಗೂ ಕೇಳಿಸಿತು. ಮಾಮನೇ ಕೇಳಿದ, "ಬಂತಾ?"

"ಬಂದಿಲ್ಲ," ಅಂದಳು ಅತ್ತೆ. ನೆಲ ನೋಡುತ್ತಾ ಅಲ್ಲ, ಅವನನ್ನೇ ನೋಡುತ್ತಾ ಅಂದಳು.

ಮಾಮ ಅಂಗಿತೋಳಿನಲ್ಲಿ ಮುಖ ಒರೆಸಿಕೊಂಡ. ಈಗ ಕೂಗಾಡುತ್ತಾನೆ ಅಂದುಕೊಂಡು ನಾನು ಅವ್ವನ ಸೀರೆ ಹಿಡಿದೆ. ಅವನು ಬಗ್ಗಿ ಅಪ್ಪನ ಪಾನ ಎತ್ತಿಕೊಂಡ.

"ಅವ್ಳು ಬಂದಿಲ್ಲ ಅಂದ್ರೆ ಬಂದಿಲ್ಲ ಬಾವ. ಬಿಚ್ಚೋಣ."

ಅವನೇ ತಲೆ ಬಿಚ್ಚಿದ. ಎಡಕ್ಕೆ ತಿರುಗಿಸಬೇಕಾದ್ದನ್ನು ಬಲಕ್ಕೆ ತಿರುಗಿಸಿ ಅಪ್ಪನಿಂದ ಹೇಳಿಸಿಕೊಂಡು ಬಿಚ್ಚಿದ. ಮರುದಿನ ಗಾಡಿಯನ್ನು ಹಾಗೇ ಬಿಟ್ಟು ಬಸ್ಸಿಗೆ ಹೊರಟ. ಹೊರಡುವಾಗ ಅಪ್ಪನಿಗೆ ಹೇಳಲಿಲ್ಲ, ಅವ್ವನಿಗೆ ಹೇಳಲಿಲ್ಲ, ಅತ್ತೆ ಇದ್ದ ಕಡೆ ಹೋಗಿ ಹೇಳಿದ.

"ನಂಗೆ ಸಸಿ ಕೆಲ್ಸ ಇದೆ. ದಮ್ಮು ಬಂದಾಗ ಒಂದು ಕಾಗ್ದ ಹಾಕು, ಯಶೋದಾ."

ಅವನು ಅವಳ ಹೆಸರು ಹಿಡಿದು ಕರೆದದ್ದು ಆವರೆಗೆ ನಾನು ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ ಅಂತ ಕಾಣುತ್ತದೆ.

ಆಮೇಲಿನ ಒಂಬತ್ತು ದಿನ ನನ್ನ ಬಾಲ್ಯದ ಅತ್ಯಂತ ಸುಖದ ದಿನಗಳು. ಬ್ಲಾಕು ಬಟ್ಟೆ ಹೊದ್ದು ಬೆಂಚಿನ ಮೇಲೆ ಕೂತಿತ್ತು. ಅತ್ತೆ ನನಗೆ ಎರಡು ಜಡೆ ಹಾಕಿದಳು, ಸ್ಟೇಷನ್ನಿಗೆ ಕರೆದೊಯ್ದು ರೈಲು ತೋರಿಸಿದಳು, ಬೆಟ್ಟದ ಬಂಡೆಗಳಿಗೆ ಒಂದೊಂದಕ್ಕೂ ಒಬ್ಬೊಬ್ಬ ನೆಂಟರ ಹೆಸರಿಟ್ಟಳು. ಅವಳು ಇನ್ನು ಇಲ್ಲೇ ಇರುತ್ತಾಳೆ ಅಂತ ನಾನು ತೀರ್ಮಾನಿಸಿಕೊಂಡಿದ್ದೆ. ಆದರೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ಅವಳು ಹಿತ್ತಲಿಗೆ ಹೋಗಿ ಆ ಎರಡು ಸಸಿ ನೋಡಿ ಬರುತ್ತಿದ್ದಳು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹತ್ತನೆಯ ದಿನ ಅವಳು ಜಗುಲಿಗೆ ಬಂದು ಹೇಳಿದಳು, "ಅಣ್ಣ, ಇವತ್ತು ನಾನೇ ಕೂಡಿಸ್ತೀನಿ." ಅಪ್ಪ ಸ್ಟೂಲಿನ ಮೇಲೆ ಕೂತು ಬೀಡಿ ಹಚ್ಚಿದ. ಅತ್ತೆ ಪಿಸ್ಟನ್ನಿಗೆ ಆಯಿಲ್ ಸವರಿ, ರಿಂಗುಗಳ ಬಾಯಿ ಅದದರ ಮೊಳೆಗೆ ಕೂರಿಸಿ, ಬೆರಳುಗಳಲ್ಲಿ ಅವನ್ನು ಅಮುಕಿ ಹಿಡಿದು, ಬ್ಲಾಕನ್ನು ಕೂಸಿಗೆ ಅಂಗಿ ತೊಡಿಸುವ ಹಾಗೆ ಮೆಲ್ಲಗೆ ಇಳಿಸಿದಳು. ತಲೆ ಕೂರಿಸಿ ನಟ್ಟುಗಳನ್ನು ಎದುರುಬದುರಾಗಿ ಬಿಗಿದಳು. ಅಪ್ಪ ಬೀಡಿ ಆರಿಸಿ ಬಂದು ಒದ್ದ.

"ದಮ್ಮು ಬಂತಾ, ಯಶೋದಾ?"

"ಬಂತು ಅಣ್ಣ."

ಅಪ್ಪ ಇನ್ನೊಂದು ಸಲ ಒದ್ದ. "ಸರಿಯಾಗಿ ನೋಡ್ದ್ಯಾ?"

"ನೋಡ್ದೆ."

ಒಳಗೆ ಅಮ್ಮ ಕಾರ ಅರೆಯುತ್ತಿದ್ದ ಸದ್ದು ನಿಂತಿತು. ಆ ಸಂಜೆ ಅತ್ತೆ ಒಂದು ಕಾರ್ಡು ಬರೆದು, ಸ್ಟೇಷನ್ ಹತ್ತಿರದ ಡಬ್ಬಕ್ಕೆ ಹಾಕು ಅಂತ ನನ್ನ ಕೈಗೆ ಕೊಟ್ಟಳು. ದಾರಿಯಲ್ಲಿ ಓದಿದೆ. ಎರಡೇ ಸಾಲು. "ಗಾಡಿಗೆ ದಮ್ಮು ಬಂದಿದೆ. ಬಂದು ಕರೆದುಕೊಂಡು ಹೋಗಿ." ಗಾಡಿಯನ್ನು ತೆಗೆದುಕೊಂಡು ಹೋಗುತ್ತಾರೆ. ಕರೆದುಕೊಂಡು ಹೋಗುವುದು ಮನುಷ್ಯರನ್ನು. ಹತ್ತು ವರ್ಷದವಳಿಗೂ ಅಷ್ಟು ಕನ್ನಡ ಗೊತ್ತಿತ್ತು. ಕಾರ್ಡನ್ನು ಡಬ್ಬಕ್ಕೆ ಹಾಕಲಿಲ್ಲ. ಸಮಾಜ ಪುಸ್ತಕದ ಒಳಗಿಟ್ಟು ಮನೆಗೆ ಬಂದೆ.

ನಾಲ್ಕು ದಿನ ಅದು ನನ್ನ ಚೀಲದಲ್ಲಿತ್ತು. ಎರಡನೆಯ ದಿನ ಅತ್ತೆ ತಲೆಗೆ ಸ್ನಾನ ಮಾಡಿದಳು. ಮೂರನೆಯ ದಿನ ಬೈಕಿನ ಹರಿದ ಸೀಟಿಗೆ ಹೊಸ ಕವರ್ ಹೊಲಿದಳು. ಹೊಲಿಯುವಾಗ ರಸ್ತೆಯಲ್ಲಿ ಯಾವ ಗಾಡಿಯ ಸದ್ದಾದರೂ ಸೂಜಿ ನಿಲ್ಲುತ್ತಿತ್ತು. ನಾಲ್ಕನೆಯ ದಿನ ಸಂಜೆ ನಾನು ಸ್ಕೂಲಿಂದ ಬಂದಾಗ ಜಗುಲಿಯ ಕಂಬಕ್ಕೊರಗಿ ನಿಂತಿದ್ದಳು.

"ಮಂಜು, ಡಬ್ಬಕ್ಕೆ ಹಾಕ್ದೆ ತಾನೆ?"

"ಹಾಕ್ದೆ ಅತ್ತೆ."

"ಹಾಗಾದ್ರೆ ಅವ್ರಿಗೆ ಸಿಟ್ಟು ಬಂದಿರ್ಬೇಕು ಬಿಡು. ಮೂರ್ಸಲ ಇಲ್ಲ ಅಂದೆನಲ್ಲ," ಅಂದು ರಸ್ತೆಯ ಕಡೆ ತಿರುಗಿದಳು. ಅತ್ತೆ ಹೋದ ಮೇಲೆ ನಾನು ಹೇಗೆ ನಿಂತಿರುತ್ತೇನೆ ಅಂತ ಹೆದರಿಕೊಂಡಿದ್ದೆನೋ, ಹಾಗೇ ನಿಂತಿದ್ದಳು ಅವಳು. ನಾನು ಚೀಲ ಕೆಳಗಿಡದೆ ಸ್ಟೇಷನ್ನಿಗೆ ಓಡಿದೆ. ಕಾರ್ಡು ಡಬ್ಬದೊಳಗೆ ಬಿದ್ದ ಮೇಲೂ ಅಲ್ಲೇ ನಿಂತು ಅಳುತ್ತಿದ್ದೆ. ಗೂಡ್ಸ್ ರೈಲೊಂದು ಪೂರ್ತಿ ದಾಟಿ ಹೋಗುವವರೆಗೂ ಅಳು ನಿಲ್ಲಲಿಲ್ಲ.

ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಮುನಿರಾಜು ಮಾಮ ತೀರಿಕೊಂಡ. ತಿಂಗಳಾದ ಮೇಲೆ ಶ್ರೀನಿವಾಸಪುರಕ್ಕೆ ಹೋಗಿ ಅತ್ತೆಯ ಪಕ್ಕ ಕೂತಿದ್ದಾಗ ಹೇಳಿದೆ. ಅವಳಿಗೀಗ ಅರವತ್ತರ ಹತ್ತಿರ. ಅವಳು ನನ್ನ ಕಡೆ ತಿರುಗಿ ಕೂತಳು.

"ಕಾಗ್ದ ಸಿಕ್ಕ ದಿನವೇ ಹೊರಟೆ ಅಂತ ದೇವರ ಮೇಲೆ ಆಣೆ ಮಾಡೋರು ಕಣೇ. ನಾನು ನಂಬ್ತಿರ್ಲಿಲ್ಲ. ಸಣ್ಣ ಜಗಳ ಆದ್ರೂ, ಅವತ್ತು ಬೇಕೂಂತ ನನ್ನ ಕಾಯಿಸಿದ್ರಿ ಅಂತ ಅದನ್ನೇ ಎತ್ತಿ ಆಡ್ತಿದ್ದೆ. ಇಷ್ಟು ವರ್ಷ ಆಡ್ದೆ."

ನಾನು ತಪ್ಪಾಯಿತು ಅಂದೆ. ಅವಳು ಆಗಲಿ ಬಿಡು ಅನ್ನಲಿಲ್ಲ. ಎದ್ದು ಒಳಗೆ ಹೋಗಿ ಮಾಮನ ಫೋಟೋದ ಮುಂದೆ ನಿಂತುಕೊಂಡಳು. ತುಟಿ ಅಲ್ಲಾಡುತ್ತಿತ್ತು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ವಾಪಸ್ ಬಂದು ಊಟಕ್ಕೆ ಏಳು ಅಂದಳು. ಬಡಿಸುವಾಗ, ಉಪ್ಪು ಸಾಕಾ ನೋಡು, ಅಂತ ಎರಡು ಸಲ ಕೇಳಿದಳು.

ಅಂದು ನಾನು ಡಬ್ಬಕ್ಕೆ ಕಾಗದ ಹಾಕಿದ ಮೂರನೆಯ ದಿನ ಮಾಮ ಮೊದಲ ಬಸ್ಸಿಗೇ ಬಂದಿಳಿದಿದ್ದ. ಅವ್ವ ಮಡಿಲು ತುಂಬಿದಳು. ಅಮ್ಮ ತಾನು ಪೆಟ್ಟಿಗೆಯಲ್ಲಿಟ್ಟಿದ್ದ ಹಸಿರು ಸೀರೆಯನ್ನು ತಂದು ಅತ್ತೆಯ ಕೈಗಿಟ್ಟು, ಅಲ್ಲಿ ಯಾರೂ ಕೇಳದಿದ್ದರೆ ನೀನೇ ಹೇಳು, ಅಂತ ಗದರಿದಳು. ಅಪ್ಪ ಪೆಟ್ರೋಲಿಗೆ ತಾನೇ ಆಯಿಲ್ ಬೆರೆಸಿ, ಟ್ಯಾಂಕಿಗೆ ಹಾಕಿ, ಮಾಮನ ಮುಂದೆ ನಿಂತ.

"ಹೊಸ ರಿಂಗು. ಇನ್ನೂ ಒಳಗೆ ಹೊಂದ್ಕೋಬೇಕು. ಐನೂರು ಕಿಲೋಮೀಟರ್ ಆಗೋವರೆಗೂ ಮೂವತ್ತರ ಮೇಲೆ ಓಡಿಸ್ಬೇಡಿ. ಅವಸರ ಮಾಡಿದ್ರೆ ಮತ್ತೆ ಹಿಡ್ಕೊಳತ್ತೆ. ನಡುವೆ ನಿಲ್ಸಿ, ಆರಿಸಿ ಹೋಗಿ."

"ಆಗ್ಲಿ ಬಾವ," ಅಂದ ಮಾಮ. ಒಂದೇ ಒದೆತಕ್ಕೆ ಗಾಡಿ ಹತ್ತಿಕೊಂಡಿತು. ಅತ್ತೆ ಹಿಂದೆ ಕೂತು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಾಮನ ಭುಜ ಹಿಡಿದುಕೊಂಡಳು. ನಮ್ಮ ಮನೆಯಿಂದ ರಿಪೇರಿಯಾಗಿ ಹೋಗುವ ಗಾಡಿಗಳೆಲ್ಲ ಹೊಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹುಣಿಸೆಮರ ದಾಟಿಬಿಡುತ್ತಿದ್ದವು. ಈ ಗಾಡಿ ಮಾತ್ರ ಅಪ್ಪ ಹೇಳಿದ ಹಾಗೆ ಹೋಯಿತು. ಹುಣಿಸೆಮರ ದಾಟಿ, ಮುಂದಿನ ಸೇತುವೆ ದಾಟಿ, ಬೆಟ್ಟದ ಬುಡದ ತಿರುವಿನವರೆಗೂ ಅತ್ತೆಯ ಬೆನ್ನು ಕಾಣುತ್ತಲೇ ಇತ್ತು. ಅವ್ವ ಒಳಗೆ ಹೋದಳು. ಅಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಪ್ಪನೂ ನಾನೂ ರಸ್ತೆಯಲ್ಲೇ ನಿಂತಿದ್ದೆವು. ಅಷ್ಟು ನಿಧಾನವಾಗಿ ನಮ್ಮ ಮನೆಯಿಂದ ಯಾರೂ ಹೋಗಿರಲಿಲ್ಲ.